ಉಣಿಸಿದರೆ ಸಾಲದು, ಕೆಲಸವನ್ನೂ ಹಂಚಿಕೊಳ್ಳಬೇಕು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಭಾಷಣಕಾರಳಲ್ಲ, ನರ್ಸ್. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ನಿವೃತ್ತಿಯಾದ ಮೇಲೆ ಐದು ವರ್ಷ ಅಲ್ಲಿಯ ಒಂದು ನಿರಾಶ್ರಿತರ ಕೇಂದ್ರವನ್ನು ನಡೆಸುವವರಲ್ಲಿ ಒಬ್ಬಳಾಗಿದ್ದೆ. ಊರಿಗೆ ಮರಳಿದಾಗ ಅಪ್ಪಗಳು, "ಅಲ್ಲಿ ಏನು ಮಾಡಿದಿರೋ ಅದನ್ನೇ ಇಲ್ಲಿ ಹೇಳ್ರಿ ತಾಯಿ" ಎಂದರು. ಅದಕ್ಕಾಗಿ ನಿಂತಿದ್ದೇನೆ. ನಾನು ಹೇಳಬೇಕಾದದ್ದು ಒಂದೇ ಮಾತು: ಬಂದವರಿಗೆ ಉಣಿಸುವುದು ಸುಲಭ, ಅವರನ್ನು ನಮ್ಮ ಸಮಕ್ಕೆ ಕೂರಿಸಿಕೊಳ್ಳುವುದು ಕಷ್ಟ. ಎರಡನೆಯದು ಆಗದಿದ್ದರೆ ಮೊದಲನೆಯದೂ ಬಹಳ ದಿನ ನಿಲ್ಲುವುದಿಲ್ಲ.

ಮೊದಲು ನಿರಾಶ್ರಿತರು ಅಂದರೆ ಯಾರು ಎಂಬುದನ್ನು ನೋಡೋಣ. ಬರಗಾಲಕ್ಕೆ ಗುಳೆ ಹೋದವರೆಲ್ಲ ಕಾನೂನಿನ ಕಣ್ಣಲ್ಲಿ ನಿರಾಶ್ರಿತರಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಹಿಂಸೆಯಾಗುತ್ತದೆ ಎಂಬ ಸಕಾರಣ ಭಯದಿಂದ ದೇಶ ಬಿಟ್ಟವರು ನಿರಾಶ್ರಿತರು. ಬೇರೆ ದೇಶಕ್ಕೆ ಬಂದು "ನನಗೆ ಆಶ್ರಯ ಕೊಡಿ" ಎಂದು ಅರ್ಜಿ ಹಾಕಿ, ತೀರ್ಪಿಗಾಗಿ ಕಾಯುತ್ತಿರುವವರು ಆಶ್ರಯ ಕೋರಿದವರು. 2024ರ ಕೊನೆಗೆ ಜಗತ್ತಿನಲ್ಲಿ 12 ಕೋಟಿಗೂ ಹೆಚ್ಚು ಜನ ಬಲವಂತವಾಗಿ ಮನೆ ಬಿಟ್ಟಿದ್ದರು ಎಂದು ವಿಶ್ವಸಂಸ್ಥೆಯ ಲೆಕ್ಕ ಹೇಳುತ್ತದೆ. ಎಲ್ಲರೂ ಯುರೋಪಿಗೆ ನುಗ್ಗುತ್ತಿದ್ದಾರೆ ಎಂಬುದು ತಪ್ಪು ತಿಳಿವಳಿಕೆ. ಬಹುಪಾಲು ಜನ ತಮ್ಮ ದೇಶದೊಳಗೇ ಅಥವಾ ಪಕ್ಕದ ಬಡ ದೇಶಗಳಲ್ಲೇ ಉಳಿದಿದ್ದಾರೆ.

ಬ್ರಿಟನ್ನಿನಲ್ಲಿ ಅರ್ಜಿ ಹಾಕಿದವರು ಇಂಥ ಊರಿನಲ್ಲೇ ಇರುತ್ತೇನೆ ಎನ್ನುವಂತಿಲ್ಲ. 1999ರ ಕಾಯ್ದೆಯ ನಂತರ ಸರ್ಕಾರ ಅವರನ್ನು ದೇಶದ ಬೇರೆ ಬೇರೆ ನಗರಗಳಿಗೆ ಹಂಚುತ್ತದೆ. ಇರಲು ಒಂದು ಕೋಣೆ ಕೊಡುತ್ತದೆ. 2024ರಲ್ಲಿ ಒಬ್ಬರಿಗೆ ವಾರಕ್ಕೆ 49.18 ಪೌಂಡ್ ಕೊಡುತ್ತಿದ್ದರು, ಅಂದರೆ ಸುಮಾರು 5000 ರೂಪಾಯಿ. ಇಲ್ಲಿ ಕುಳಿತು ಕೇಳಿದರೆ ದೊಡ್ಡ ಮೊತ್ತ ಅನಿಸುತ್ತದೆ. ಅಲ್ಲಿಯ ಬೆಲೆಗಳಿಗೆ ಅದು ಊಟ, ಬಟ್ಟೆ, ಫೋನು, ಓಡಾಟ ಎಲ್ಲಕ್ಕೂ ಸೇರಿ ದಿನಕ್ಕೆ 7 ಪೌಂಡ್ ಆಯಿತು. ಊಟ ಕೊಡುವ ಹೋಟೆಲುಗಳಲ್ಲಿ ಇಟ್ಟವರಿಗೆ ವಾರಕ್ಕೆ 10 ಪೌಂಡಿಗೂ ಕಡಿಮೆ. ಇವೆಲ್ಲಕ್ಕಿಂತ ದೊಡ್ಡದು, ಅವರು ದುಡಿಯುವಂತಿಲ್ಲ. ತಮ್ಮ ತಪ್ಪಿಲ್ಲದೆ ಅರ್ಜಿ 12 ತಿಂಗಳು ಕೊಳೆತರೆ ಮಾತ್ರ ಕೆಲಸಕ್ಕೆ ಅನುಮತಿ ಕೇಳಬಹುದು. ಸಿಕ್ಕರೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಉದ್ಯೋಗಗಳಿಗೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಆ ವ್ಯವಸ್ಥೆಯಲ್ಲಿ ದಾಸೋಹಕ್ಕೆ ಒಂದಿಷ್ಟು ಜಾಗವಿದೆ, ಕಾಯಕಕ್ಕೆ ಇಲ್ಲ.

ಶೆಫೀಲ್ಡಿಗೆ ಈ ವಿಷಯದಲ್ಲಿ ಒಳ್ಳೆಯ ಹೆಸರಿದೆ. ನಿರಾಶ್ರಿತರನ್ನು ಇಡೀ ಊರೇ ಸ್ವಾಗತಿಸಬೇಕು ಎಂಬ 'ಸಿಟಿ ಆಫ್ ಸ್ಯಾಂಕ್ಚುಯರಿ' ಚಳವಳಿ 2005ರಲ್ಲಿ ಶುರುವಾದದ್ದು ಅಲ್ಲಿ. ಅದನ್ನು ಆರಂಭಿಸಿದವರಲ್ಲಿ ಒಬ್ಬರು ಇಂದರ್‌ಜೀತ್ ಭೋಗಲ್. ಕೀನ್ಯಾದ ನೈರೋಬಿಯ ಸಿಖ್ ಮನೆತನದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಾದ್ರಿಯಾದವರು. ತಾವೇ ಬೇರೆ ನಾಡಿನಿಂದ ಬಂದವರು, ಮುಂದೆ ಬರುವವರಿಗೆ ಬಾಗಿಲು ತೆರೆದರು.

ನಮ್ಮ ಕೇಂದ್ರ ಎಂದರೆ ಚರ್ಚಿಗೆ ಸೇರಿದ ಒಂದು ಹಳೆಯ ಸಭಾಂಗಣ, ಹಿಂದೊಂದು ಅಡುಗೆಮನೆ, ಮೇಲೊಂದು ಕೋಣೆ. ಬುಧವಾರ ಮತ್ತು ಶುಕ್ರವಾರ ಬೆಳಗ್ಗೆಯಿಂದ ಸಂಜೆವರೆಗೆ ತೆರೆದಿರುತ್ತಿತ್ತು. ಎರಿಟ್ರಿಯಾ, ಸೂಡಾನ್, ಇರಾನ್, ಅಫ್ಘಾನಿಸ್ತಾನ, ಸಿರಿಯಾದವರು ಬರುತ್ತಿದ್ದರು. ಶ್ರೀಲಂಕಾದ ತಮಿಳರೂ ಇದ್ದರು. ನನ್ನ ಹರಕು ತಮಿಳು ಅವರಿಗೆ ನಗು ತರಿಸುತ್ತಿತ್ತು. ಆ ನಗುವೇ ಪರಿಚಯಕ್ಕೆ ದಾರಿಯಾಯಿತು.

ಇಂಥ ಕೇಂದ್ರದ ಮೊದಲ ಖರ್ಚು ಅಡುಗೆಯದು ಎಂದು ನೀವು ತಿಳಿಯಬಹುದು. ಅಲ್ಲ, ಬಸ್ ಚಾರ್ಜಿನದು. 2024ರಲ್ಲಿ ಅಲ್ಲಿ ಒಂದು ಸಲದ ಟಿಕೆಟಿಗೆ 2 ಪೌಂಡ್. ಬಂದು ಹೋಗಲು 4. ದಿನಕ್ಕೆ 7 ಪೌಂಡಿನಲ್ಲಿ ಬದುಕುವವರು ನಮ್ಮ ಉಚಿತ ಊಟಕ್ಕೆ ಬರಲು ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಬೇಕು. ಆದ್ದರಿಂದ ಬಾಗಿಲಲ್ಲೇ ಒಂದು ಮೇಜು ಹಾಕಿ ಟಿಕೆಟ್ ನೋಡಿ ಹಣ ಮರಳಿಸುತ್ತಿದ್ದೆವು. ದಾನಿಗಳಿಗೆ ಇದು ರುಚಿಸುತ್ತಿರಲಿಲ್ಲ. ಅಕ್ಕಿ ಬೇಳೆ ಕೊಡುವವರು ಬೇಕಾದಷ್ಟು, ಬಸ್ ಟಿಕೆಟಿಗೆ ಕೊಡುವವರು ಕಡಿಮೆ. ಆದರೆ ಆ ಮೇಜು ತೆಗೆದರೆ ಸಭಾಂಗಣ ಖಾಲಿ.

ಇನ್ನು ಅಡುಗೆ. ಮುಸ್ಲಿಮರಿಗೆ ಹಲಾಲ್ ಬೇಕು. ಎರಿಟ್ರಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದ ಹೆಚ್ಚಿನ ಬುಧವಾರ, ಶುಕ್ರವಾರ ಉಪವಾಸದ ವ್ರತ ಹಿಡಿಯುತ್ತಾರೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಆಗದು. ತಮಿಳರಲ್ಲಿ ಕೆಲವರು ಶುಕ್ರವಾರ ಸಸ್ಯಾಹಾರಿಗಳು. ಎಲ್ಲರಿಗೂ ಬೇರೆ ಬೇರೆ ಅಡುಗೆ ಮಾಡಲು ನಮ್ಮಲ್ಲಿ ಒಲೆಯೂ ಇಲ್ಲ, ಕೈಯೂ ಇಲ್ಲ. ಅನ್ನ, ಎಣ್ಣೆಯ ಒಗ್ಗರಣೆ ಕೊಟ್ಟ ಬೇಳೆ, ಒಂದು ಪಲ್ಯ ಎಂದು ತೀರ್ಮಾನಿಸಿದೆವು. ಎಲ್ಲರೂ ಉಣ್ಣಬಹುದಾದ ಊಟ ಅದೊಂದೇ ಆಗಿತ್ತು. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದೇ ಪಂಕ್ತಿ ಆಗಬೇಕಾದರೆ ಅಡುಗೆ ಎಲ್ಲರಿಗೂ ಆಗುವಂತಿರಬೇಕು.

ಕೇಂದ್ರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. "ನೀವು ಯಾಕೆ ಬಂದಿರಿ? ಹೇಗೆ ಬಂದಿರಿ?" ಎಂದು ಯಾರೂ ಯಾರನ್ನೂ ಕೇಳಬಾರದು. ಹೊಸದಾಗಿ ಸೇವೆಗೆ ಬಂದವರಿಗೆ ಇದು ಬಹಳ ಕಷ್ಟವಾಗುತ್ತಿತ್ತು. ಕನಿಕರವಿದ್ದವರಿಗೇ ಕುತೂಹಲವೂ ಹೆಚ್ಚು. ಆದರೆ ಆ ಕಥೆಯನ್ನು ಅವರು ಅಧಿಕಾರಿಗಳ ಮುಂದೆ ಗಂಟೆಗಟ್ಟಲೆ ಹೇಳಿರುತ್ತಾರೆ. ಒಂದು ತಾರೀಖು ಹೆಚ್ಚುಕಡಿಮೆಯಾದರೂ "ಸುಳ್ಳು" ಎನಿಸಿಕೊಳ್ಳುವ ಭಯವಿರುತ್ತದೆ. ಮತ್ತೆ ಕೇಳಿದರೆ ಮತ್ತೊಂದು ವಿಚಾರಣೆ ಎದುರಿಸಿದಂತೆ. ಉಂಡ ಅನ್ನಕ್ಕೆ ತನ್ನ ದುಃಖವನ್ನು ಬೆಲೆಯಾಗಿ ಕೊಡಬೇಕು ಎಂದು ಯಾರಿಗೂ ಅನಿಸಬಾರದು. ಅವರಾಗಿ ಹೇಳಿದರೆ ಕೇಳುತ್ತಿದ್ದೆವು. ಇಲ್ಲದಿದ್ದರೆ ಚಹಾ ಸಕ್ಕರೆ ಮಾತು ಸಾಕು.

ಇನ್ನೊಂದು ನಿಯಮ ಕಾನೂನಿನದೇ. ಬ್ರಿಟನ್ನಿನಲ್ಲಿ ಪರವಾನಗಿ ಇಲ್ಲದವರು ವಲಸೆಯ ವಿಷಯದಲ್ಲಿ ಕಾನೂನು ಸಲಹೆ ಕೊಡುವುದು ಅಪರಾಧ. ಆದ್ದರಿಂದ ಅರ್ಜಿಯ ಮಾತು ಬಂದರೆ ವಕೀಲರ ಕಡೆ ಕಳಿಸುತ್ತಿದ್ದೆವು. ನಮ್ಮ ಕೈಲಾಗುವುದು ಬೇರೆ ಬಹಳ ಇತ್ತು: ಬಂದ ಕಾಗದ ಓದಿ ಹೇಳುವುದು, ಫೋನಿನಲ್ಲಿ ಅರ್ಧ ಗಂಟೆ ಕಾದು ಸೋರುವ ಛಾವಣಿಯ ದೂರು ಕೊಡುವುದು, ಡಾಕ್ಟರ ಬಳಿ ಹೆಸರು ನೋಂದಾಯಿಸುವುದು, ಇಂಗ್ಲಿಷ್ ಪಾಠ. ನರ್ಸ್ ಆಗಿ ನಾನು ಹಟ ಹಿಡಿದದ್ದು ಒಂದಕ್ಕೆ. ಮಕ್ಕಳು ಬೇಗ ಇಂಗ್ಲಿಷ್ ಕಲಿಯುತ್ತಾರೆ, ಅದಕ್ಕೇ ತಾಯಿಯ ಕಾಯಿಲೆಯನ್ನು ಡಾಕ್ಟರಿಗೆ ಹೇಳಲು ಮಗುವನ್ನೇ ಕರೆದೊಯ್ಯುತ್ತಾರೆ. ಹತ್ತು ವರ್ಷದ ಹುಡುಗಿ ತನ್ನ ತಾಯಿಗೆ ಏನಾಗಿತ್ತು ಎಂಬುದನ್ನು ಬೇರೆಯವರಿಗೆ ಅನುವಾದಿಸಬಾರದು. ಆಸ್ಪತ್ರೆಗೆ ಫೋನ್ ಮಾಡಿ ದುಭಾಷಿಯನ್ನು ಕೇಳುವುದು ನಮ್ಮ ಕೆಲಸವಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೂಡಾನಿನ ಒಬ್ಬ ಪಶುವೈದ್ಯರು ನಮ್ಮಲ್ಲಿಗೆ ಬರುತ್ತಿದ್ದರು. ಉಂಡು, ತಟ್ಟೆ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕೂರುತ್ತಿದ್ದರು. ಮೂರನೆಯ ವಾರ ನಮ್ಮ ಅಡುಗೆಯವರು, "ಅಣ್ಣಾ, ಇವತ್ತು ಪಾತ್ರೆ ತೊಳೆಯಲು ಜನ ಇಲ್ಲ, ಬರ್ತೀರಾ?" ಎಂದು ಕೈಸನ್ನೆಯಲ್ಲೇ ಕರೆದರು. ಎದ್ದು ಹೋದರು. ಆಮೇಲೆ ಆ ಅಡುಗೆಮನೆಯ ಜವಾಬ್ದಾರಿಯೇ ಅವರದಾಯಿತು. ನೂರು ಜನರ ಊಟದ ಸಾಮಾನಿನ ಲೆಕ್ಕ ಅವರ ಪುಸ್ತಕದಲ್ಲಿ. ಸಂಬಳದ ಕೆಲಸಕ್ಕೆ ಕಾನೂನಿನ ತಡೆ ಇದೆ, ಸೇವಾ ಸಂಸ್ಥೆಯಲ್ಲಿ ಸ್ವಯಂಸೇವೆಗೆ ಇಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ ಕೊಡಬಹುದು. ಕೂಲಿ ಎಂದು ಏನೂ ಕೊಡುವಂತಿಲ್ಲ. ಆ ಸಣ್ಣ ಕಿಂಡಿಯನ್ನೇ ನಾವು ಬಾಗಿಲು ಮಾಡಿಕೊಂಡೆವು. ಕೊನೆಕೊನೆಗೆ ಸೇವೆ ಮಾಡುವವರಲ್ಲಿ ಅರ್ಧದಷ್ಟು ಜನ ಆಶ್ರಯ ಕೋರಿ ಬಂದವರೇ. ಆಡಳಿತ ಸಮಿತಿಯಲ್ಲಿ ಮೂರು ಜಾಗ ಅವರಿಗೆ.

ಸಮಿತಿಯ ಆ ಮೂರು ಜಾಗ ಯಾಕೆ ಬೇಕು ಎಂಬುದು 2024ರ ಆಗಸ್ಟಿನಲ್ಲಿ ತಿಳಿಯಿತು. ಸೌತ್‌ಪೋರ್ಟ್ ಎಂಬ ಊರಿನಲ್ಲಿ ಮೂರು ಎಳೆಯ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂದು ಸುಳ್ಳು ಸುದ್ದಿ ಹಬ್ಬಿತು. ಅವನು ಬ್ರಿಟನ್ನಿನಲ್ಲೇ ಹುಟ್ಟಿದವನು. ಆದರೂ ಹಲವು ಊರುಗಳಲ್ಲಿ ಗಲಭೆ ಎದ್ದಿತು. ಆಗಸ್ಟ್ 4ರಂದು ನಮ್ಮ ಪಕ್ಕದ ಊರು ರಾದರಮ್‌ನಲ್ಲಿ ಆಶ್ರಯ ಕೋರಿದವರಿದ್ದ ಹೋಟೆಲಿನ ಮೇಲೆ ಗುಂಪೊಂದು ದಾಳಿ ಮಾಡಿ, ಕಿಟಕಿ ಒಡೆದು, ಬೆಂಕಿ ಹಚ್ಚಲು ನೋಡಿತು. ಒಳಗೆ ಜನ ಇದ್ದರು. ಆಗಸ್ಟ್ 7, ಬುಧವಾರ ಇನ್ನಷ್ಟು ಕಡೆ ದಾಳಿ ನಡೆಯುತ್ತದೆ ಎಂಬ ಸುದ್ದಿ. ಬುಧವಾರ ನಾವು ಬಾಗಿಲು ತೆರೆಯುವ ದಿನ.

ಸೋಮವಾರ ರಾತ್ರಿ ಸಮಿತಿ ಸೇರಿತು. ಇಂಗ್ಲಿಷ್ ಗೆಳೆಯರಲ್ಲಿ ಕೆಲವರು, "ಹೆದರಬಾರದು, ತೆರೆದೇ ತೀರಬೇಕು" ಎಂದರು. ಆಗ ಇರಾನಿನ ಒಬ್ಬ ಹೆಣ್ಣುಮಗಳು ಮೆಲ್ಲಗೆ ಹೇಳಿದಳು: "ಗುಂಪು ಅಂದರೆ ಏನು ಅಂತ ನಮಗೆ ಗೊತ್ತು. ಧೈರ್ಯ ತೋರಿಸುವ ಆಸೆ ನಿಮ್ಮದು, ಒಳಗೆ ಕೂರುವವರು ನಾವು. ಬುಧವಾರ ಮುಚ್ಚಿ. ಆದರೆ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಊಟ ಮನೆಗೆ ಮುಟ್ಟಿಸಿ." ಹಾಗೇ ಮಾಡಿದೆವು. ಪಶುವೈದ್ಯರ ಪುಸ್ತಕದಲ್ಲಿ ಯಾರ ಮನೆ ಎಲ್ಲಿ, ಯಾರು ಒಂಟಿ, ಯಾರಿಗೆ ಕೈಗೂಸು ಇದೆ ಎಲ್ಲವೂ ಇತ್ತು. ಆ ಬುಧವಾರ ಸಂಜೆ ದೇಶದ ಎಷ್ಟೋ ಊರುಗಳಲ್ಲಿ ಸಾವಿರಾರು ಸಾಮಾನ್ಯ ಜನ ಗಲಭೆಕೋರರಿಗೆ ಅಡ್ಡವಾಗಿ ಬೀದಿಯಲ್ಲಿ ನಿಂತರು. ಶುಕ್ರವಾರ ಬಾಗಿಲು ತೆರೆದಾಗ ಎಂದೂ ನಮ್ಮತ್ತ ತಿರುಗಿ ನೋಡದ ನೆರೆಯವರು ಕೇಕು, ಹಣ್ಣು ಹಿಡಿದು ಬಂದಿದ್ದರು. ಅವರೇ ಆ ಸಮಿತಿಯಲ್ಲಿ ಇಲ್ಲದಿದ್ದರೆ ಅವರ ಪ್ರಾಣದ ಬಗ್ಗೆ ನಾವು ತೀರ್ಮಾನ ಮಾಡುತ್ತಿದ್ದೆವು.

ಅರ್ಜಿ ಒಪ್ಪಿಗೆಯಾದ ದಿನ ಕಷ್ಟ ಮುಗಿಯುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಇನ್ನೊಂದು ಶುರುವಾಗುತ್ತದೆ. ನಮ್ಮ ಕಾಲದ ಬಹುಪಾಲು ಇದ್ದ ನಿಯಮದಂತೆ ಒಪ್ಪಿಗೆ ಬಂದ ಮೇಲೆ 28 ದಿನದಲ್ಲಿ ಸರ್ಕಾರದ ಕೋಣೆ ಬಿಡಬೇಕು, ವಾರದ ಹಣ ನಿಲ್ಲುತ್ತದೆ. ಅಷ್ಟರಲ್ಲಿ ಮನೆ, ಕೆಲಸ, ಬ್ಯಾಂಕ್ ಖಾತೆ ಆಗಬೇಕು. ಬಾಡಿಗೆಗೆ ಮುಂಗಡ ಬೇಕು. ಎರಡು ವರ್ಷ ದುಡಿಯಲು ಬಿಡದವನ ಕೈಯಲ್ಲಿ ಮುಂಗಡ ಎಲ್ಲಿಂದ ಬರಬೇಕು? ಎರಿಟ್ರಿಯಾದ ಒಬ್ಬ ಹುಡುಗ ಒಪ್ಪಿಗೆ ಪತ್ರ ಹಿಡಿದು ಬಂದು ಎಲ್ಲರಿಗೂ ಸಿಹಿ ಹಂಚಿದ. ಒಂದು ತಿಂಗಳಿಗೆ ಅದೇ ಹುಡುಗ ರಾತ್ರಿ ಬಸ್‌ ನಿಲ್ದಾಣದಲ್ಲಿ ಮಲಗುತ್ತಿದ್ದ. ನಮ್ಮಲ್ಲಿ ಎರಡು ವರ್ಷ ಅಡುಗೆ ಮಾಡಿದ್ದನೆಂದು ಬರೆದುಕೊಟ್ಟ ಪತ್ರದಿಂದ ಒಂದು ಹೋಟೆಲಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬೇಳೆ ಸಾರು ಅವನ ಹೊಟ್ಟೆ ತುಂಬಿಸಿತ್ತು. ಅವನನ್ನು ನಿಲ್ದಾಣದಿಂದ ಎಬ್ಬಿಸಿದ್ದು ಅವನು ಮಾಡಿದ ಕೆಲಸ.

ಈ ಮಾತು ಇಂಗ್ಲೆಂಡಿಗೆ ಮಾತ್ರ ಸೇರಿದ್ದಲ್ಲ. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಲು ಹೇಳಿದ. ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ನಮ್ಮೂರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತ್ತು. ಬಂದವರಲ್ಲಿ ಹೆಚ್ಚಿನವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು, ಬಂದ ದಿನದಿಂದ ದುಡಿಯಬಹುದಿತ್ತು. ಅಂಗಡಿ, ಕಾರ್ಖಾನೆ ಕಟ್ಟಿದರು. ಇಂದು ಅದೇ ಲೆಸ್ಟರ್ ತನ್ನ ದೀಪಾವಳಿಯನ್ನು ಹೆಮ್ಮೆಯಿಂದ ತೋರಿಸಿಕೊಳ್ಳುತ್ತದೆ.

ನಮ್ಮ ನಾಡಿಗೇ ಬನ್ನಿ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1959ರಲ್ಲಿ ದಲೈ ಲಾಮಾ ಅವರ ಹಿಂದೆ ಬಂದ ಟಿಬೆಟಿಯನ್ನರಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಜಮೀನು ಕೊಟ್ಟಿತು. 1966ರಲ್ಲಿ ಮುಂಡಗೋಡಿನ ವಸತಿ ಆಯಿತು. ಎಸ್. ನಿಜಲಿಂಗಪ್ಪನವರು ಮಾಡಿದ ಸಹಾಯವನ್ನು ದಲೈ ಲಾಮಾ ಅವರು ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ಕೊಟ್ಟದ್ದು ಗಂಜಿ ಕೇಂದ್ರವನ್ನಲ್ಲ, ಉಳುವ ನೆಲವನ್ನು. ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಸಹಕಾರಿ ಸಂಘ ಕಟ್ಟಿದರು. ಚಳಿಗಾಲದಲ್ಲಿ ಹುಬ್ಬಳ್ಳಿಯ ಬೀದಿಯಲ್ಲಿ ಸ್ವೆಟರ್ ಮಾರುತ್ತ ನಮ್ಮೊಡನೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಅವರನ್ನು ನೋಡಿ ನಮಗೆ ಕನಿಕರ ಬರುವುದಿಲ್ಲ, ಪರಿಚಯದ ಮುಖ ಎನಿಸುತ್ತದೆ. ಇದಕ್ಕಿಂತ ದೊಡ್ಡ ಸ್ವಾಗತ ಬೇರೆ ಇಲ್ಲ.

ಬಂಧುಗಳೇ, ನಮ್ಮ ಊರುಗಳಿಗೆ ಇಂದು ಬಿಹಾರದಿಂದ, ಒಡಿಶಾದಿಂದ ಕಟ್ಟಡ ಕೆಲಸಕ್ಕೆ ಜನ ಬರುತ್ತಿದ್ದಾರೆ. ಅವರು ನಿರಾಶ್ರಿತರಲ್ಲ, ಆದರೆ ಭಾಷೆ ತಿಳಿಯದ ಊರಿನಲ್ಲಿ ಹೊಸಬರು. ಅವರಿಗಾಗಿ ಏನಾದರೂ ಮಾಡಬೇಕು ಎಂದು ಮನಸ್ಸಿದ್ದರೆ ಐದು ವರ್ಷದ ಅನುಭವದಿಂದ ಇಷ್ಟು ಹೇಳಬಲ್ಲೆ. ಅವರು ನಿಮ್ಮಲ್ಲಿಗೆ ಬರಲು ಏನು ಖರ್ಚಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಎಲ್ಲರೂ ಉಣ್ಣಬಹುದಾದ್ದನ್ನು ಬೇಯಿಸಿ. ಕಥೆ ಕೇಳಬೇಡಿ, ಹೆಸರು ಕೇಳಿ, ಅದನ್ನು ಸರಿಯಾಗಿ ಉಚ್ಚರಿಸಿ. ವಾರದ ಅದೇ ದಿನ, ಅದೇ ಹೊತ್ತಿಗೆ ತಪ್ಪದೆ ಬಾಗಿಲು ತೆರೆಯಿರಿ. ಮುಚ್ಚಬೇಕಾದರೆ ಒಬ್ಬೊಬ್ಬರಿಗೂ ತಿಳಿಸಿ. ಮೂರನೆಯ ವಾರ ಅವರ ಕೈಗೆ ಸೌಟು ಕೊಡಿ, ವರ್ಷ ತುಂಬುವುದರೊಳಗೆ ಲೆಕ್ಕದ ಪುಸ್ತಕವನ್ನೂ ಕೊಡಿ. ಈ ಕೊನೆಯದಕ್ಕೆ ನಮ್ಮ ಕೈ ಹಿಂಜರಿಯುತ್ತದೆ. ಹಿಂಜರಿದರೂ ಕೊಡಬೇಕು.