ಅರಿತು ಎರೆದ ನೀರು

ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ ಒಂದು ಹೂಜಿ ಗಿಡವಿದೆ. ಹೆಸರು ನೆಪೆಂಥಿಸ್ ಖಾಸಿಯಾನಾ. ಭಾರತದಲ್ಲಿ ಸಹಜವಾಗಿ ಬೆಳೆಯುವ ನೆಪೆಂಥಿಸ್ ಪ್ರಭೇದ ಇದೊಂದೇ. ಅಲ್ಲಿ ಮಳೆ ಧಾರಾಳ, ಮಣ್ಣಿನಲ್ಲಿ ಸಾರ ಮಾತ್ರ ಕಡಿಮೆ. ಆ ಕೊರತೆ ನೀಗಲೆಂದೇ ಎಲೆಯ ತುದಿ ಹೂಜಿಯಾಗಿದೆ. ಅದರೊಳಗೆ ಜಾರಿ ಬಿದ್ದ ಕೀಟ ದ್ರವದಲ್ಲಿ ಕರಗಿ ಗಿಡಕ್ಕೆ ಸಾರಜನಕ ಒದಗಿಸುತ್ತದೆ.

ಇನ್ನೊಂದು ಗಿಡ, ನಮ್ಮ ನರ್ಸರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಡೇನಿಯಂ. ತವರು ಆಫ್ರಿಕಾ, ಅರೇಬಿಯಾಗಳ ಒಣನೆಲ. ಉಬ್ಬಿದ ಬುಡದಲ್ಲಿ ನೀರು ಕೂಡಿಟ್ಟುಕೊಂಡು ಬರವನ್ನು ದಾಟಿ ಹೂ ಬಿಡುವ ಗಟ್ಟಿ ಜೀವ ಅದು.

ಹೂಜಿ ಗಿಡಕ್ಕೆ ತೇವದ ಗಾಳಿ ಬೇಕು, ಮಳೆನೀರು ಬೇಕು. ಬೋರ್‌ವೆಲ್ಲಿನ ಗಡಸು ನೀರು, ಬುಡಕ್ಕೆ ಸುರಿದ ಗೊಬ್ಬರ ಅದರ ಬೇರಿಗೆ ಪೆಟ್ಟು. ಅಡೇನಿಯಂಗೆ ಚೆನ್ನಾಗಿ ಬಿಸಿಲು ಬೇಕು, ಮರಳು ಬೆರೆತ ಮಣ್ಣು ಬೇಕು. ಮಣ್ಣು ಒಣಗಿದ ಮೇಲಷ್ಟೇ ನೀರು. ದಿನವೂ ಎರೆದರೆ ಬುಡ ಕೊಳೆಯುತ್ತದೆ.

ಒಂದನ್ನು ಉಳಿಸುವ ನೀರೇ ಇನ್ನೊಂದನ್ನು ಕೊಲ್ಲಬಹುದು. ಎರೆಯುವ ಕೈಯಲ್ಲಿ ಪ್ರೀತಿಯಿದ್ದರೆ ಸಾಲದು, ತಿಳಿವೂ ಇರಬೇಕು. ಮನೆಯ ಮಕ್ಕಳೂ ಹಾಗೆಯೇ: ಒಬ್ಬರಿಗೆ ಸದಾ ಜೊತೆ ಬೇಕು, ಮತ್ತೊಬ್ಬರಿಗೆ ತುಸು ದೂರ ನಿಂತ ನಂಬಿಕೆ ಬೇಕು. ಇಬ್ಬರಿಗೂ ಒಂದೇ ಅಳತೆ ಹಿಡಿಯುವುದು ಸಮಾನತೆಯಲ್ಲ.

ಗಿಡ ಕೊಳ್ಳುವ ಮುನ್ನ ಅದರ ತವರು ಯಾವುದೆಂದು ಕೇಳೋಣ. ಖಾಸಿಯಾನಾ ಅಳಿವಿನ ಅಪಾಯದಲ್ಲಿದೆ; ಕಾಡಿನಿಂದ ಕಿತ್ತು ತಂದ ಗಿಡವನ್ನು ಮನೆಗೆ ತರದಿರೋಣ. ಅದು ಅದರ ಬೆಟ್ಟದಲ್ಲೇ ಚೆನ್ನಾಗಿರಲಿ ಎಂದು ಬಯಸುವುದೂ ತೋಟಗಾರಿಕೆಯೇ.