ಟೇಪು ಹಿಡಿದು ಅಳೆಯುವ ತಂಪು

ಚಂದಗುಳಿಯ ಗಂಟೆ ಗಣಪತಿಗೆ ಹರಕೆಯ ಗಂಟೆ ಕಟ್ಟಲು ಹೋಗುವಾಗ ದಾರಿಯ ಮನೆಗಳ ಮಾಡನ್ನು ನೋಡುತ್ತ ಹೋಗಿ. ಹಳೆಯದಕ್ಕೆ ಹೆಂಚು, ಹೊಸದಕ್ಕೆ ತಾರಸಿ. ಎಷ್ಟೋ ಕಡೆ ಆ ತಾರಸಿಯ ಮೇಲೆ ಮತ್ತೊಂದು ತಗಡಿನ ಮಾಡು. ಮಳೆ ಸೋರದಿರಲಿ, ಅಡಿಕೆ ನೆನೆಯದಿರಲಿ ಎಂದು ಹೊದೆಸಿದ್ದು. ಏಪ್ರಿಲ್ ಮಧ್ಯಾಹ್ನ ಸ್ಲ್ಯಾಬಿಗೆ ನೆರಳು ಕೊಡುವುದೂ ಅದೇ.

ಮನೆ ತಂಪಾಗಿರಬೇಕು, ಕರೆಂಟು ಉಳಿಯಬೇಕು ಎಂಬುದಕ್ಕೆ ಈಗ ದೇಶಕ್ಕೊಂದು ಸಂಹಿತೆಯೇ ಇದೆ: 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ‘ಇಕೋ ನಿವಾಸ್ ಸಂಹಿತೆ’. 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆಯಿಂದ ಮೇಲಿನ ನಿವೇಶನದ ವಸತಿ ಕಟ್ಟಡಗಳಿಗೆಂದು ಬರೆದದ್ದು. ರಾಜ್ಯ ಅಳವಡಿಸಿಕೊಂಡರೆ ಮಾತ್ರ ಕಡ್ಡಾಯ.

ಅದರ ಒಂದು ನಿಯಮ, ಗೋಡೆ-ಕಿಟಕಿಗಳಿಂದ ಒಳಬರುವ ಬಿಸಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎನ್ನುತ್ತದೆ. ಗೋಡೆ ಚಿರೆಕಲ್ಲಿನದೋ ಸಿಮೆಂಟ್ ಬ್ಲಾಕಿನದೋ, ಗಾಜು ಯಾವುದು, ಛಜ್ಜಾ ಎಷ್ಟು ಚಾಚಿದೆ, ಮುಖ ಯಾವ ದಿಕ್ಕಿಗೆ, ಎಲ್ಲ ಸೇರಿಸಿ ಲೆಕ್ಕ ಹಾಕಬೇಕು. ಲೆಕ್ಕ ಸರಿಯೇ. ಆದರೆ ಹಳ್ಳಿಯಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವುದು ಗ್ರಾಮ ಪಂಚಾಯತಿ. ಅಲ್ಲಿ ಇದನ್ನು ತಾಳೆ ನೋಡುವವರು ಯಾರು?

ಇನ್ನೊಂದು ನಿಯಮ ಮೇಸ್ತ್ರಿಗೂ ತಿಳಿಯುತ್ತದೆ. ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ, ತೆರೆಯುವ ಕಿಟಕಿ-ಬಾಗಿಲು ನೆಲದ ಆರನೆಯ ಒಂದು ಪಾಲಾದರೂ ಇರಬೇಕು. ಲೆಕ್ಕ ಇಡೀ ಮನೆಯದು; ಒಂದು ಕೋಣೆ ಹಿಡಿದು ನೋಡೋಣ. ಹತ್ತು-ಹನ್ನೆರಡರ ಕೋಣೆಗೆ 20 ಚದರಡಿ. ಐದಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿ ಸಾಕಲ್ಲವೇ? ಸಾಲದು. ಎರಡು ಬಾಗಿಲಿನ ಜಾರುಕಿಟಕಿಯಾದರೆ ತೆರೆಯುವುದು ಅರ್ಧ, ಹತ್ತೇ ಚದರಡಿ. ಅದನ್ನೇ ತಿರುಗಣೆ ಹಾಕಿ ತೆರೆಯುವಂತೆ ಮಾಡಿಸಿದರೆ ಹದಿನೆಂಟರಷ್ಟು ಸಿಗುತ್ತದೆ. ಈಚೆಗೆ ಎಲ್ಲರೂ ಅಲ್ಯುಮಿನಿಯಂ ಜಾರುಕಿಟಕಿಯನ್ನೇ ಯಾಕೆ ಬಯಸುತ್ತಾರೋ, ನನಗಂತೂ ಅರ್ಥವಾಗಿಲ್ಲ!

ಸರಳ ನಿಯಮಕ್ಕೂ ಕುರುಡುತನವಿದೆ. ಹಳೆಯ ಹೆಂಚಿನ ಮನೆಯ ಒಳಕೋಣೆಯ ಪುಟ್ಟ ಕಿಟಕಿ ಈ ಅಳತೆಯಲ್ಲಿ ನಪಾಸು. ಅಲ್ಲಿ ತಂಪು ಬರುವುದು ಹಲಗೆಯ ಮುಚ್ಚಿಗೆಯಿಂದ, ಹೆಂಚಿನ ಸಂದಿಯಲ್ಲಿ ಹೊರಹೋಗುವ ಬಿಸಿಗಾಳಿಯಿಂದ. ಟೇಪಿಗೆ ಅದು ಸಿಗದು. ಹೀಗಾಗಿ ನಮಗೆ ಬೇಕಾದದ್ದು ಸೂತ್ರಕ್ಕಿಂತ ಒಂದು ಸಿದ್ಧಪಟ್ಟಿ: ತಾರಸಿಯ ಮೇಲೆ ಗಾಳಿಯಾಡುವ ಮಾಡು, ಪಡುವಣ ಗೋಡೆಗೆ ಛಜ್ಜಾ ಅಥವಾ ಜಗಲಿ, ತಿರುಗಣೆಯ ಕಿಟಕಿ. ಮೂರೂ ಇದ್ದರೆ ಲೆಕ್ಕವಿಲ್ಲದೆ ಪರವಾನಗಿ. ಲೆಕ್ಕ ಹಾಕಿಸಿಯೇ ಬೇರೆ ದಾರಿ ಹಿಡಿಯುವವರು ಹಿಡಿಯಲಿ.