ಪಿಕಪ್ ಗಾಡಿಗೆ ತಕ್ಕ ಮನೆ

ಬಸವನಹುಳು ತನ್ನ ಮನೆಯನ್ನು ತಾನೇ ಹೊತ್ತು ತಿರುಗುತ್ತದೆ. ಆ ಮನೆ ಅದರ ಮೈಗೆ ತಕ್ಕಷ್ಟೇ ದೊಡ್ಡದು. ಹುಳು ಬೆಳೆದಂತೆ ಚಿಪ್ಪೂ ಬೆಳೆಯುತ್ತದೆ. ಮನುಷ್ಯನೂ ಇಂಥದೊಂದು ಮನೆಯನ್ನು ಮಾಡಿಕೊಂಡಿದ್ದಾನೆ. ಅದನ್ನು ಹೊರುವುದು ಮಾತ್ರ ಅವನ ಬೆನ್ನಲ್ಲ, ಮೋಟಾರು ಗಾಡಿಯ ಬೆನ್ನು. ಇಲ್ಲಿ ಅಳತೆಯನ್ನು ಪ್ರಕೃತಿ ನೋಡಿಕೊಳ್ಳುವುದಿಲ್ಲ, ಕೊಳ್ಳುವವನೇ ನೋಡಿಕೊಳ್ಳಬೇಕು. ಆ ಅಳತೆಯ ಮಾತನ್ನೇ ಈಗ ನಿಮ್ಮ ಮುಂದಿಡುತ್ತೇನೆ.

ಅಮೆರಿಕ, ಕೆನಡಾ ದೇಶಗಳಲ್ಲಿ ಪಿಕಪ್ ಗಾಡಿ ಬಹಳ ಬಳಕೆಯ ವಾಹನ. ಮುಂದೆ ಜನ ಕೂರುವ ಕೋಣೆ, ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ. ಆ ತೊಟ್ಟಿಯೊಳಗೆ ಕೂರಿಸುವ ಪುಟ್ಟ ಮನೆಗೆ ಟ್ರಕ್ ಕ್ಯಾಂಪರ್ ಎಂದು ಹೆಸರು. ಒಳಗೆ ಒಲೆ, ನೀರಿನ ತೊಟ್ಟಿ, ಕೂರಲು ಬೆಂಚು. ಚಾಲಕನ ತಲೆಯ ಮೇಲೆ ಚಾಚಿಕೊಂಡ ಅಟ್ಟದಲ್ಲಿ ಮಲಗುವ ಹಾಸಿಗೆ. ತಂಗುವ ಜಾಗ ಸೇರಿದ ಮೇಲೆ ನಾಲ್ಕು ಮೂಲೆಗಳ ಜಾಕುಗಳ ಮೇಲೆ ಮನೆಯನ್ನು ನಿಲ್ಲಿಸಿ, ಅಡಿಯಿಂದ ಗಾಡಿಯನ್ನು ಹೊರಕ್ಕೆ ತೆಗೆದು, ಪೇಟೆಗೆ ಹೋಗಿಬರಬಹುದು.

ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಇಂಥ ಮನೆಯೊಂದರಲ್ಲಿ ತನ್ನ ನಾಯಿ ಚಾರ್ಲಿಯೊಡನೆ ಅಮೆರಿಕವನ್ನು ಸುತ್ತಿ, 1962ರಲ್ಲಿ ಆ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದ. ಗಾಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರು, ರೋಸಿನಾಂಟೆ. ಆ ಗಾಡಿಯನ್ನು ಕ್ಯಾಲಿಫೋರ್ನಿಯದ ಸಲಿನಾಸ್ ಊರಿನ ಸ್ಟೈನ್‌ಬೆಕ್ ಕೇಂದ್ರದಲ್ಲಿ ಇರಿಸಿದ್ದಾರೆ. ಅವನು ಆರಿಸಿದ್ದು ಮುಕ್ಕಾಲು ಟನ್ನಿನ ಗಟ್ಟಿ ಗಾಡಿ, ಅದರ ಮೇಲೆ ದೋಣಿಯ ಕೋಣೆಯಷ್ಟು ಚಿಕ್ಕ ಮನೆ. ಬಲವಾದ ಬೆನ್ನು, ಹಗುರವಾದ ಹೊರೆ. ಆಯ್ಕೆಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ನಿಮ್ಮ ಮಗನೋ ಅಳಿಯನೋ ಆ ದೇಶದಲ್ಲಿದ್ದು, ರಜೆಯ ತಿರುಗಾಟಕ್ಕೆ ಕ್ಯಾಂಪರ್ ಕೊಳ್ಳುವ ಮಾತೆತ್ತಿದರೆ, ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: "ಗಾಡಿ ಎಷ್ಟು ಭಾರ ಹೊರುತ್ತದಪ್ಪ?" ಉತ್ತರ ಚಾಲಕನ ಬಾಗಿಲನ್ನು ತೆರೆದರೆ ಸಿಗುತ್ತದೆ. ಅಲ್ಲಿ ಅಂಟಿಸಿದ ಚೀಟಿಯ ಮೇಲೆ, ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಕೂಡದು ಎಂದು ಅಚ್ಚಾಗಿರುತ್ತದೆ. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂಬ ಮಾತುಗಳು ಹಳೆಯ ಕಾಲದಿಂದ ಉಳಿದ ಬರಿಯ ಹೆಸರುಗಳು. ಅವು ಈಗಿನ ಗಾಡಿಯ ನಿಜವಾದ ಶಕ್ತಿಯನ್ನು ಹೇಳುವುದಿಲ್ಲ. ಒಂದೇ ಹೆಸರಿನ ಎರಡು ಗಾಡಿಗಳಲ್ಲೂ ಅಂಕಿ ಬೇರೆಯಾಗಬಹುದು. ಡೀಸೆಲ್ ಯಂತ್ರ, ನಾಲ್ಕು ಬಾಗಿಲಿನ ಕೋಣೆ, ನಾಲ್ಕೂ ಚಕ್ರಗಳನ್ನು ಎಳೆಸುವ ಏರ್ಪಾಡು, ಇವೆಲ್ಲ ಗಾಡಿಯ ಸ್ವಂತ ತೂಕವನ್ನು ಹೆಚ್ಚಿಸುತ್ತವೆ. ಹೊರೆಗೆ ಉಳಿಯುವ ಪಾಲು ಅಷ್ಟು ಕಡಿಮೆಯಾಗುತ್ತದೆ.

ಇನ್ನು ಮನೆಯ ತೂಕ. ಮಾರುವವರ ಪುಸ್ತಿಕೆಯಲ್ಲಿ ಕಾಣುವುದು ಸಾಮಾನ್ಯವಾಗಿ ಒಣ ತೂಕ, ಎಂದರೆ ನೀರಿಲ್ಲದ, ಪಾತ್ರೆಯಿಲ್ಲದ, ಮನುಷ್ಯರಿಲ್ಲದ ಖಾಲಿ ಮನೆಯ ತೂಕ. ಒಂದು ಲೆಕ್ಕ ಹಾಕೋಣ. ಗಾಡಿಯ ಚೀಟಿ 1,500 ಕಿಲೋ ಎನ್ನುತ್ತದೆ, ಖಾಲಿ ಮನೆ 1,000 ಕಿಲೋ ಎಂದಿಟ್ಟುಕೊಳ್ಳಿ. ಇನ್ನೂ 500 ಕಿಲೋ ಉಳಿಯಿತಲ್ಲ ಎಂದು ಸಂತೋಷವಾಗುತ್ತದೆ. ಲೀಟರು ನೀರಿಗೆ ಒಂದು ಕಿಲೋದಂತೆ 120 ಲೀಟರಿಗೆ 120 ಕಿಲೋ. ತುಂಬಿದ ಎರಡು ಗ್ಯಾಸ್ ಸಿಲಿಂಡರಿಗೆ 34. ಎರಡು ಬ್ಯಾಟರಿಗೆ 56. ಮೇಲಿಂದ ಕೊಂಡ ಹವಾನಿಯಂತ್ರಣ ಯಂತ್ರ, ಬಿಸಿಲಿನ ಚಪ್ಪರ ಮೊದಲಾದುವಕ್ಕೆ 100. ಗಂಡಹೆಂಡಿರಿಗೆ 140. ಅಕ್ಕಿ, ಬೇಳೆ, ಕುಕ್ಕರು, ಹೊದಿಕೆ, ಬಟ್ಟೆ, ಉಪಕರಣಗಳಿಗೆ 150. ಕೂಡಿಸಿದರೆ 1,600! ಮನೆ ಬಿಡುವ ಮೊದಲೇ ಮಿತಿಗಿಂತ 100 ಕಿಲೋ ಹೆಚ್ಚು. ಮಕ್ಕಳನ್ನಂತೂ ಇನ್ನೂ ಕೂರಿಸಿಯೇ ಇಲ್ಲ.

ಹೆಚ್ಚಾದರೆ ಏನಾಗುತ್ತದೆ? ಬ್ರೇಕು ಹಾಕಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಟೈರು ಕಾದು ಸಿಡಿಯಬಹುದು. ಇಳಿಜಾರಿನಲ್ಲಿ ಇವೆರಡರ ಅಪಾಯವೂ ಇಮ್ಮಡಿ. ಹೆಚ್ಚಿನ ಸ್ಪ್ರಿಂಗೋ ಗಾಳಿಚೀಲವೋ ಹಾಕಿಸಿದರೆ ಸಾಲದೇ ಎನ್ನುವವರಿದ್ದಾರೆ. ಅವು ಕುಸಿದ ಹಿಂಭಾಗವನ್ನು ಎತ್ತಿ ನಿಲ್ಲಿಸಬಹುದು; ತಯಾರಕರು ಗೊತ್ತುಮಾಡಿದ ಮಿತಿಯನ್ನು ಎತ್ತುವುದಿಲ್ಲ.

ತೂಕ ಎಷ್ಟು ಎಂಬುದರಷ್ಟೇ ಮುಖ್ಯ, ತೂಕ ಎಲ್ಲಿ ಎಂಬುದು. ಎತ್ತಿನ ಗಾಡಿಗೆ ಹುಲ್ಲು ಹೇರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲನ್ನು ಬಿಡುತ್ತದೆ. ಪಿಕಪ್ಪಿನಲ್ಲೂ ಹಾಗೆಯೇ. ಮನೆಯ ಗುರುತ್ವಕೇಂದ್ರ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಇಳಿಯುತ್ತದೆ. ಸ್ಟೀರಿಂಗ್ ಹೇಳಿದ ಮಾತನ್ನು ಚಕ್ರ ಕೇಳುವುದಿಲ್ಲ. ಈ ಕೇಂದ್ರ ತೊಟ್ಟಿಯ ಯಾವ ಭಾಗದೊಳಗೆ ಬೀಳಬೇಕೆಂಬುದನ್ನು ಗಾಡಿಯ ತಯಾರಕರು ತಿಳಿಸಬೇಕೆಂದು ಅಮೆರಿಕದಲ್ಲಿ ಕಾನೂನೇ ಇದೆ. ಕೆಲವು ಗಾಡಿಗಳ ಕೈಪಿಡಿಯಲ್ಲಿ, ಇದರ ಮೇಲೆ ಕ್ಯಾಂಪರ್ ಹೊರಿಸಬೇಡಿ ಎಂದೇ ಬರೆದಿರುತ್ತದೆ. ಅದನ್ನು ಓದಿದ ಮೇಲೆ ಚರ್ಚೆ ಬೇಡ.

ತೊಟ್ಟಿಯ ಉದ್ದ ಐದೂವರೆ, ಆರೂವರೆ, ಎಂಟು ಅಡಿ, ಹೀಗೆ ಬಗೆಬಗೆ. ಎಂಟು ಅಡಿಯ ತೊಟ್ಟಿಗಾಗಿ ಕಟ್ಟಿದ ಮನೆ ಗಿಡ್ಡ ತೊಟ್ಟಿಯ ಮೇಲೆ ಕುಳಿತರೆ ಭಾರವೆಲ್ಲ ಹಿಂದಕ್ಕೆ ಜೋತುಬೀಳುತ್ತದೆ. ಗಾಡಿ ಹಗುರವಾದದ್ದಾದರೆ ಛಾವಣಿಯನ್ನು ಮೇಲೆತ್ತಿ ಬಿಚ್ಚುವ ಮಡಿಕೆಯ ಮನೆಯನ್ನು ನೋಡಬಹುದು. ಅದರ ತೂಕ ಕಡಿಮೆ, ಓಡುವಾಗ ಗಾಳಿಯ ಹೊಡೆತವೂ ಕಡಿಮೆ. ಆದರೆ ಬಟ್ಟೆಯ ಗೋಡೆ ಚಳಿಯನ್ನು ಅಷ್ಟಾಗಿ ತಡೆಯದು. ಸ್ನಾನದ ಕೋಣೆ, ಹಿಗ್ಗುವ ಗೋಡೆ ಎಲ್ಲ ಇರುವ ದೊಡ್ಡ ಮನೆಯೇ ಬೇಕೆಂದರೆ, ಹಿಂದಿನ ಅಚ್ಚಿಗೆ ಜೋಡಿ ಚಕ್ರಗಳಿರುವ ಒಂದು ಟನ್ನಿನ ಗಾಡಿಯನ್ನು ಹುಡುಕುವುದು ವಿವೇಕ. ಟೈರುಗಳ ಪಕ್ಕದಲ್ಲಿ ಅಚ್ಚಾಗಿರುವ ಭಾರದ ಅಂಕಿಯನ್ನೂ ಓದಿನೋಡಬೇಕು. ಮನೆಯನ್ನು ಬಿಗಿಯುವ ಸರಪಳಿಗಳನ್ನು ತೊಟ್ಟಿಯ ತೆಳು ತಗಡಿಗಲ್ಲ, ಗಾಡಿಯ ಚೌಕಟ್ಟಿಗೇ ಹಿಡಿಸಿದರೆ ಭದ್ರ.

ಕೊಂಡಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ನೀರು ತುಂಬಿ, ಸಾಮಾನು ಹೇರಿ, ಮನೆಮಂದಿಯೆಲ್ಲ ಕುಳಿತು, ಲಾರಿಗಳನ್ನು ತೂಗುವ ಕಾಟಾದ ಮೇಲೆ ಗಾಡಿಯನ್ನು ನಿಲ್ಲಿಸಬೇಕು. ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡರ ತೂಕವನ್ನೂ ಬೇರೆಬೇರೆಯಾಗಿ ಪಡೆಯಬೇಕು. ತಕ್ಕಡಿಗೆ ದಾಕ್ಷಿಣ್ಯವಿಲ್ಲ. ಹೆಚ್ಚು ಬಂದರೆ ಮೊದಲು ನೀರನ್ನು ಇಳಿಸಿ. ತಂಗುವ ಊರಿನಲ್ಲಿ ಮತ್ತೆ ತುಂಬಿಸಿಕೊಳ್ಳಬಹುದು.

ಗಾಡಿ ಇನ್ನೂ ಕೊಂಡಿಲ್ಲವಾದರೆ ಮನೆಯನ್ನು ಮೊದಲು ಆರಿಸಿ, ಅದನ್ನು ನಿರಾಯಾಸವಾಗಿ ಹೊರುವ ಗಾಡಿಯನ್ನು ಆಮೇಲೆ ಹುಡುಕಿ. ಗಾಡಿ ಆಗಲೇ ಬಾಗಿಲಲ್ಲಿ ನಿಂತಿದ್ದರೆ, ಅದು ಹೊರುವಷ್ಟೇ ಮನೆಗೆ ಆಸೆಪಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮಲ್ಲಿ ಹಳೆಯದು. ಹಾಸಿಗೆಯೇ ಗಾಲಿಗಳ ಮೇಲೆ ಓಡುವಾಗ ಅದನ್ನು ಮರೆತರೆ, ನಷ್ಟ ಕೇವಲ ಹಣದ್ದಾಗಿ ಉಳಿಯುವುದಿಲ್ಲ. ಒಳಗೆ ಕುಳಿತಿರುವವರು ನಮ್ಮವರು.